ಚೀಲಕ್ಕೆ ಹಿಡಿಯುವ ಕೋವಿ ಯಾವುದು?

ಅಕ್ಕನ ಮಗ ಅಮೆರಿಕದ ಸಿಯಾಟಲ್‌ನಲ್ಲಿ ಕೆಲಸದಲ್ಲಿದ್ದಾನೆ. ಹೋದ ಬೇಸಿಗೆಯಲ್ಲಿ ಒಂದು ರಾತ್ರಿ ಫೋನ್ ಮಾಡಿದ. "ಮಾವ, ನಿಮ್ಮತ್ರ ಕೋವಿ ಇದೆಯಲ್ಲಾ, ಅದಕ್ಕೇ ಕೇಳ್ತಿದೀನಿ. ಫ್ರೆಂಡ್ಸ್ ಜೊತೆ ಅಲಾಸ್ಕಾಗೆ ಹೋಗ್ತಿದೀನಿ. ಎಂಟು ದಿನ ಕಾಡಲ್ಲೇ ನಡಿಗೆ. ಬ್ಯಾಗಲ್ಲಿ ಹಿಡಿಯೋ ಥರ, ಹಗುರವಾಗಿರೋ ಗನ್ ಯಾವುದು ತಗೊಂಡ್ರೆ ಒಳ್ಳೇದು?"

ನಾನು ತಕ್ಷಣ ಉತ್ತರ ಹೇಳಲಿಲ್ಲ. ನನ್ನ ಕೈಗೆ ಚೆನ್ನಾಗಿ ಗೊತ್ತಿರುವುದು ಒಂದೇ ಕೋವಿ. ಪಾಂಡವಪುರದ ಕಡೆಯ ನಮ್ಮ ಮನೆಯಲ್ಲಿರುವ, ತಾತನ ಕಾಲದ 12 ಬೋರಿನ ಜೋಡಿ ನಳಿಗೆ. ಬೆಳೆ ಕಾಯಲು ಕೊಟ್ಟ ಲೈಸೆನ್ಸಿನದು. ತಾತನ ನಂತರ ಅಪ್ಪನ ಹೆಸರಿಗೆ ಬಂತು, ಈಗ ನನ್ನ ಹೆಸರಿನಲ್ಲಿದೆ. ಆದರೆ ಅವನ ಪ್ರಶ್ನೆ ತಲೆಯಲ್ಲೇ ಉಳಿಯಿತು. ಓದುತ್ತಾ ಹೋದೆ, ಲೆಕ್ಕ ಹಾಕುತ್ತಾ ಹೋದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೈಸೂರು, ಮಂಡ್ಯದಲ್ಲಿ ಬೆಟ್ಟ ಹತ್ತುವ ಹುಡುಗರೂ ಈಗ ಇದೇ ಪ್ರಶ್ನೆ ಕೇಳುತ್ತಾರೆ. ಅವರಿಗೆ ಸಿಗುವ ಉತ್ತರ ಬೇರೆ, ಅದನ್ನೂ ಹೇಳುತ್ತೇನೆ.

ಮೊದಲು ತೂಕದ ವಿಷಯ. ಮಾರನೇ ದಿನ ಬೆಳಿಗ್ಗೆ ಕೋವಿ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ನಮ್ಮ ಆಲೆಮನೆಯಲ್ಲಿ ಬೆಲ್ಲ ತೂಗುವ ತಕ್ಕಡಿಯ ಮೇಲೆ ಇಟ್ಟೆ. 3 ಕೆ.ಜಿ. 180 ಗ್ರಾಂ ತೋರಿಸಿತು. ಪಕ್ಕದಲ್ಲಿ 10 ತೋಟಾ (ಕಾರ್ಟ್ರಿಡ್ಜ್) ಇಟ್ಟೆ, ಅರ್ಧ ಕೆ.ಜಿ. ಹತ್ತಿರಕ್ಕೆ ಹೋಯಿತು. ಬೆನ್ನಿಗೆ ಗುಡಾರ, ಹೊದಿಕೆ, ಅಡುಗೆ ಸಾಮಾನು, ಎಂಟು ದಿನದ ಊಟ ಎಲ್ಲ ಸೇರಿ 15 ಕೆ.ಜಿ. ಹೊತ್ತವನಿಗೆ ಇನ್ನೂ ಮೂರೂವರೆ ಕೆ.ಜಿ. ಅಂದರೆ ಅದು ಸಣ್ಣ ಭಾರ ಅಲ್ಲ. ಮೂರನೇ ದಿನದ ಏರಿನಲ್ಲಿ ಮಂಡಿಗೆ ಅದರ ಬಿಸಿ ಮುಟ್ಟುತ್ತದೆ. ಹಗುರವಾದ ಕೋವಿ ಬೇಕು ಅಂತ ಜನ ಹುಡುಕುವುದು ಇದಕ್ಕೇ.

ಕೋವಿ ಹಗುರ ಆಗಬೇಕಾದರೆ ಮೊದಲು ಗುಂಡು ಸಣ್ಣದಾಗಬೇಕು. ಈ ಬೋರಿನ ಲೆಕ್ಕ ತುಂಬ ಜನರಿಗೆ ಗೊಂದಲ. 12 ಬೋರ್ ಅಂದರೆ 12 ಮಿಲಿಮೀಟರ್ ಅಲ್ಲ. ಒಂದು ಪೌಂಡ್ ಸೀಸದಲ್ಲಿ ಒಂದೇ ಸಮನಾದ 12 ಉಂಡೆ ಮಾಡಿದರೆ, ಒಂದೊಂದು ಉಂಡೆ ಎಷ್ಟು ದಪ್ಪ ಇರುತ್ತದೋ ಅಷ್ಟು ಅಗಲದ ನಳಿಗೆ ಅಂತ ಅರ್ಥ. ಸುಮಾರು 18.5 ಮಿ.ಮೀ. ಹಾಗಾಗಿಯೇ 20 ಬೋರ್ 12ಕ್ಕಿಂತ ಸಣ್ಣದು. ರೈಫಲ್‌ಗಳಲ್ಲಿ ಹಾಗಲ್ಲ, ಅಲ್ಲಿ ಇಂಚಿನ ಲೆಕ್ಕ. ಪಾಯಿಂಟ್ 22 ಅಂದರೆ 0.22 ಇಂಚು, ಸುಮಾರು 5.6 ಮಿ.ಮೀ.

ಈ ಪಾಯಿಂಟ್ 22ರ ಒಂದು ತೋಟಾ ಬರೀ ಮೂರೂವರೆ ಗ್ರಾಂ ಆಸುಪಾಸು. 12 ಬೋರಿನ ತೋಟಾ 45 ಗ್ರಾಂ ಹತ್ತಿರ. ಅಂದರೆ 1.7 ಕೆ.ಜಿ. ತೂಕದಲ್ಲಿ 22ರ ತೋಟಾ 500 ಹೊರಬಹುದು, 12 ಬೋರಿನದು 40 ಕೂಡ ಬರುವುದಿಲ್ಲ. ಚೀಲದಲ್ಲಿ ಹಿಡಿಯುವ ಕೋವಿಗಳಲ್ಲಿ ಹೆಚ್ಚಿನವು 22 ಆಗಿರಲು ಕಾರಣ ಇದೇ.

ಆದರೆ ಬಲ? 22ರ ಗುಂಡಿನ ಶಕ್ತಿ 190 ಜೌಲ್ ಹತ್ತಿರ. 12 ಬೋರಿನಲ್ಲಿ ಒಂಟಿ ಗುಂಡು ಹಾಕಿ ಹೊಡೆದರೆ 3,000 ಜೌಲ್ ದಾಟುತ್ತದೆ. ಹದಿನೈದು ಪಟ್ಟಿಗಿಂತ ಜಾಸ್ತಿ. ಮೊಲ, ಅಳಿಲು, ಹಕ್ಕಿಗೆ 22 ಸಾಕು. 400 ಕೆ.ಜಿ. ತೂಗುವ ಕಂದು ಕರಡಿಗೆ ಅದು ಸಿಟ್ಟು ಬರಿಸುವ ಸಾಮಾನು ಅಷ್ಟೇ.

ಅಳಿಯನಿಗೆ ನಾನು ಕೇಳಿದ ಮೊದಲ ಪ್ರಶ್ನೆಯೂ ಅದೇ. "ಕೋವಿ ಯಾತಕ್ಕೆ ಬೇಕು ಹೇಳಪ್ಪ? ದಾರಿ ತಪ್ಪಿದರೆ ಹೊಟ್ಟೆಗೋ, ಕರಡಿ ಬಂದರೆ ಜೀವ ಉಳಿಸಿಕೊಳ್ಳೋಕೋ?" ಅವನು "ಎರಡಕ್ಕೂ" ಅಂದ. ಎಲ್ಲರೂ ಎಡವುವುದು ಇಲ್ಲೇ. ಎರಡೂ ಕೆಲಸವನ್ನು ಒಂದೇ ಹಗುರ ಕೋವಿ ಮಾಡುವುದಿಲ್ಲ. ಗುಂಡಿನ ಬಲ ಒಂದೇ ಇದಕ್ಕೆ ಕಾರಣ ಅಲ್ಲ. ಇನ್ನೊಂದು ಕಾರಣ ತಿಳಿಯಬೇಕಾದರೆ ಈ ಕೋವಿಗಳು ಹುಟ್ಟಿದ್ದು ಯಾರಿಗಾಗಿ ಅಂತ ನೋಡಬೇಕು.

ಇವು ಹುಟ್ಟಿದ್ದು ನಡೆಯುವವರಿಗಾಗಿ ಅಲ್ಲ, ಬೀಳುವವರಿಗಾಗಿ. ವಿಮಾನ ಕೆಟ್ಟು ಯಾವುದೋ ಹಿಮದ ಬಯಲಲ್ಲೋ ಕಾಡಲ್ಲೋ ಇಳಿದ ಪೈಲಟ್, ಹುಡುಕುವವರು ಬರುವ ತನಕ ಬದುಕಬೇಕಲ್ಲ. ಅಮೆರಿಕದ ವಾಯುಪಡೆ ಹಾಗೆ ಎಂ6 ಅನ್ನುವ ಕೋವಿ ಮಾಡಿಸಿತು. ಒಂದರ ಮೇಲೊಂದು ಎರಡು ನಳಿಗೆ. ಮೇಲಿನದು ರೈಫಲ್, ಕೆಳಗಿನದು ಚರೆ, ಅಂದರೆ ಸಣ್ಣ ಸಣ್ಣ ಗುಂಡುಗಳನ್ನು ಒಟ್ಟಿಗೇ ಹೊಡೆಯಲು. ಮಧ್ಯದಲ್ಲಿ ಮಡಚಿಟ್ಟರೆ ಅರ್ಧವಾಗುತ್ತದೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಟ್ರಿಗರ್. ಬೆರಳು ತೂರಿಸುವ ಬಳೆ ಇಲ್ಲ, ಉದ್ದನೆಯ ಒಂದು ಪಟ್ಟಿ ಇದೆ. ಚಳಿಗೆ ಮರಗಟ್ಟಿದ ಕೈಯಲ್ಲಿ, ದಪ್ಪ ಕೈಗವಸು ಹಾಕಿಕೊಂಡೇ ಅಂಗೈಯಿಂದ ಅದುಮಬಹುದು. ಮಾಡಿದವರು ಆ ಪೈಲಟ್‌ನ ಕೈಯನ್ನು ಮನಸ್ಸಲ್ಲಿ ಇಟ್ಟುಕೊಂಡೇ ಮಾಡಿದ್ದಾರೆ.

ಆಮೇಲೆ ಬಂದದ್ದು ಎಆರ್-7. ಎಆರ್-15 ರೈಫಲ್ ಮಾಡಿದ ಯೂಜೀನ್ ಸ್ಟೋನರ್ ಅವರದೇ ವಿನ್ಯಾಸ, 1950ರ ದಶಕದ ಕೊನೆಯದು. ನಳಿಗೆ, ಮಧ್ಯದ ಭಾಗ, ತೋಟಾ ಡಬ್ಬಿ ಎಲ್ಲ ಬಿಚ್ಚಿ ಹಿಂಬದಿಯ ಹಿಡಿಯ ಒಳಗೇ ತುಂಬಿ ಮುಚ್ಚಳ ಹಾಕಬಹುದು. ಆಮೇಲೆ ನೋಡಿದರೆ ಅದು ಕೋವಿ ಅಂತ ಗೊತ್ತಾಗುವುದೇ ಇಲ್ಲ. ನೀರಿಗೆ ಬಿದ್ದರೂ ತೇಲುತ್ತದೆ. ಈಗಲೂ ಹೆನ್ರಿ ಕಂಪನಿ ಅದನ್ನು ಮಾಡುತ್ತದೆ. ತೂಕ 1.6 ಕೆ.ಜಿ., ಮುಚ್ಚಿಟ್ಟಾಗ ಉದ್ದ 42 ಸೆಂ.ಮೀ. ಗುಂಡು ಪಾಯಿಂಟ್ 22. 2012ರಲ್ಲಿ ರೂಗರ್ ಕಂಪನಿ ತನ್ನ 10/22 ರೈಫಲ್ಲನ್ನು ಎರಡು ತುಂಡಾಗಿ ಬಿಚ್ಚುವ ಹಾಗೆ ತಂದಿತು. ಅದು ಸ್ವಲ್ಪ ಭಾರ, 2.1 ಕೆ.ಜಿ. ಹತ್ತಿರ. ಚೀಲದ ಕೋವಿ ಅಂತ ಅಲ್ಲಿ ಜನ ಹೆಚ್ಚಾಗಿ ಕೊಳ್ಳುವುದು ಈ ಜಾತಿಯವನ್ನೇ.

ಬಾಹ್ಯಾಕಾಶಕ್ಕೆ ಹೋದವರಿಗೂ ಈ ಗತಿ ಬಂದಿತ್ತು. 1965ರ ಮಾರ್ಚ್‌ನಲ್ಲಿ ಅಲೆಕ್ಸಿ ಲಿಯೊನೊವ್ ನೌಕೆಯಿಂದ ಹೊರಗೆ ಬಂದು ಶೂನ್ಯದಲ್ಲಿ ತೇಲಿದ ಮೊದಲ ಮನುಷ್ಯ ಅಂತ ಹೆಸರಾದರು. ವಾಪಸ್ ಬರುವಾಗ ತಾನಾಗಿ ಇಳಿಯುವ ಏರ್ಪಾಟು ಕೈಕೊಟ್ಟಿತು. ಲಿಯೊನೊವ್ ಮತ್ತು ಅವರ ಜೊತೆಗಾರ ಬೆಲ್ಯಾಯೆವ್ ಕೈಯಾರೆ ನೌಕೆ ಇಳಿಸಿದರು. ಇಳಿದದ್ದು ಇಳಿಯಬೇಕಾದ ಜಾಗದಿಂದ ನೂರಾರು ಕಿ.ಮೀ. ದೂರ, ಪೆರ್ಮ್ ಕಡೆಯ ಹಿಮ ತುಂಬಿದ ಕಾಡಿನಲ್ಲಿ. ತೋಳ, ಕರಡಿ ಓಡಾಡುವ ಜಾಗ. ಎರಡು ರಾತ್ರಿ ಅಲ್ಲೇ ಕಳೆದರು. ಮುಂದೆ 1980ರ ದಶಕದಲ್ಲಿ ಸೋವಿಯತ್ ಬಾಹ್ಯಾಕಾಶ ಯಾತ್ರಿಗಳಿಗೆ ಅಂತಲೇ ಟಿಪಿ-82 ಬಂತು. ಮೂರು ನಳಿಗೆಯ ಪಿಸ್ತೂಲು. ಎರಡು ಚರೆಗೆ, ಒಂದು ಗುಂಡಿಗೆ. ಅದರ ಹಿಂಬದಿಯ ಹಿಡಿ ಕಳಚಿದರೆ ಒಳಗಿರುವುದು ಮಚ್ಚು. ಸೌದೆ ಕಡಿಯಲು, ನೆರಳು ಕಟ್ಟಿಕೊಳ್ಳಲು. ಕಾಡಲ್ಲಿ ಸಿಕ್ಕಿಕೊಂಡವನಿಗೆ ಗುಂಡಿನಷ್ಟೇ ಮಚ್ಚೂ ಬೇಕು ಅಂತ ಅವರಿಗೆ ಗೊತ್ತಿತ್ತು.

ಈ ಎಲ್ಲದರಲ್ಲೂ ಒಂದು ವಿಷಯ ಗಮನಿಸಿ. ಇವು ಅಪಾಯ ಆದ ಮೇಲೆ, ಕೂತು, ನಿಧಾನವಾಗಿ ಜೋಡಿಸಿಕೊಂಡು ಬಳಸುವ ಕೋವಿಗಳು. ಸೊಂಟದ ಮೇಲೆ ಇರುವುದಲ್ಲ. ಅಲಾಸ್ಕಾದ ಕಂದು ಕರಡಿ ಓಡಿ ಬಂದರೆ ಗಂಟೆಗೆ 50 ಕಿ.ಮೀ. ಮೀರುತ್ತದೆ. ಅಂದರೆ ಸೆಕೆಂಡಿಗೆ 14 ಮೀಟರ್. ಮೂವತ್ತು ಮೀಟರ್ ದೂರದ ಪೊದೆಯಿಂದ ಎದ್ದು ಬಂದರೆ ನಿಮ್ಮ ಹತ್ತಿರ ಇರುವುದು ಎರಡೇ ಸೆಕೆಂಡು. ಅಷ್ಟರಲ್ಲಿ ಚೀಲ ಇಳಿಸುವುದು, ಮುಚ್ಚಳ ತೆಗೆಯುವುದು, ನಳಿಗೆ ತಿರುಗಿಸಿ ಕೂರಿಸುವುದು, ತೋಟಾ ಹಾಕುವುದು ಆಗುವ ಮಾತಾ? ಚೀಲಕ್ಕೆ ಹಿಡಿಯುತ್ತದೆ ಅನ್ನುವ ಗುಣವೇ ಅದನ್ನು ಜೀವರಕ್ಷಣೆಗೆ ಬಾರದ ಹಾಗೆ ಮಾಡುತ್ತದೆ. ಕರಡಿಗೆ ಅಂತ ಒಯ್ಯುವವರು ಕೈಯಲ್ಲೇ ಹಿಡಿದ ದೊಡ್ಡ ಕೋವಿಯನ್ನೋ ಎದೆಗೆ ಕಟ್ಟಿದ ದೊಡ್ಡ ರಿವಾಲ್ವರನ್ನೋ ಒಯ್ಯುತ್ತಾರೆ. ಆಗ ಹಗುರ ಅನ್ನುವ ಮಾತು ಹೋಯಿತು.

ಹಗುರ ಕೋವಿಗೆ ಇನ್ನೊಂದು ಬೆಲೆ ತೆರಬೇಕು. ಅದು ಒದೆಯುತ್ತದೆ. ಗುಂಡು ಮುಂದೆ ಹೋಗುವ ರಭಸಕ್ಕೆ ಕೋವಿ ಹಿಂದಕ್ಕೆ ಬರಲೇಬೇಕು. ಕೋವಿ ಭಾರ ಇದ್ದಷ್ಟೂ ಆ ಒದೆತ ನಿಧಾನ. ತಾತ ನನಗೆ ಮೊದಲ ಸಲ ಕೋವಿ ಕೊಟ್ಟಾಗ ಭುಜದ ಮೇಲೆ ಟವೆಲ್ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. "ಗಟ್ಟಿಯಾಗಿ ಒತ್ತಿ ಹಿಡಿ, ಸಂದು ಬಿಟ್ಟರೆ ಹೊಡೀತದೆ" ಅಂದಿದ್ದರು. ಮೂರು ಕೆ.ಜಿ. ಇದ್ದರೂ ಎರಡು ದಿನ ಭುಜ ನೊಂದಿತ್ತು. ಅದೇ ತೋಟಾವನ್ನು ಎರಡು ಕೆ.ಜಿ. ಕೋವಿಯಲ್ಲಿ ಹಾಕಿದರೆ ಹೊಸಬರು ಎರಡನೇ ಗುಂಡಿಗೆ ಕಣ್ಣು ಮುಚ್ಚಿಬಿಡುತ್ತಾರೆ. ಗುರಿ ಎಲ್ಲಿಂದ ಬರಬೇಕು? ನಳಿಗೆ ಮೊಟಕು ಮಾಡಿದರೂ ಹಾಗೆಯೇ. ಸದ್ದು ಜಾಸ್ತಿ, ಗುಂಡಿನ ವೇಗ ಕಡಿಮೆ.

ಮತ್ತೆ, ಬಿಚ್ಚಿ ಒಯ್ಯುವುದು ಅಮೆರಿಕದವರ ಹೊಸ ಬುದ್ಧಿಯೇನೂ ಅಲ್ಲ. ನಮ್ಮ ಜೋಡಿ ನಳಿಗೆಯನ್ನು ತಾತ ಹೇಗೆ ಬಿಚ್ಚುತ್ತಿದ್ದರು ಅಂತ ಈಗಲೂ ಕಣ್ಣ ಮುಂದೆ ಇದೆ. ಮೊದಲು ಮೇಲಿನ ಕೀಲಿ ಪಕ್ಕಕ್ಕೆ ತಳ್ಳಿ ನಳಿಗೆ ಬಾಗಿಸಿ ಒಳಗೆ ನೋಡುವುದು. ಎರಡೂ ತೂತಿನಲ್ಲಿ ಆಕಾಶ ಕಾಣಬೇಕು. ಮತ್ತೆ ಮುಚ್ಚಿ, ನಳಿಗೆ ಕೆಳಗಿನ ಮರದ ತುಂಡನ್ನು ಟಕ್ ಅಂತ ಎಳೆದು ತೆಗೆಯುವುದು. ಈಗ ನಳಿಗೆ ಬಾಗಿಸಿದರೆ ಕೊಕ್ಕೆಯಿಂದ ಕಳಚಿ ಕೈಗೇ ಬರುತ್ತದೆ. ಮರದ ತುಂಡು ವಾಪಸ್ ನಳಿಗೆಗೆ ಸಿಕ್ಕಿಸಿ, ಎರಡೂ ಭಾಗ ಗೋಣಿಚೀಲದಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟುತ್ತಿದ್ದರು. ಪ್ರತಿ ಚುನಾವಣೆಗೂ ಸ್ಟೇಷನ್ನಿಗೆ ಜಮೆ ಮಾಡಲು ಹಾಗೆ ಹೋಗುತ್ತಿದ್ದದ್ದು. ಅದರ ಉದ್ದ ನಳಿಗೆಯಷ್ಟೇ, 28 ಇಂಚು.

ಇನ್ನು ಹೊಟ್ಟೆಯ ಪ್ರಶ್ನೆ. ಆಲೆಮನೆಯಲ್ಲಿ ಕೂತು ನಾನು ಹಾಕಿದ ಲೆಕ್ಕ ಇದು. ಎಆರ್-7 ತೂಗುವುದು 1.6 ಕೆ.ಜಿ. ಅಷ್ಟೇ ತೂಕದ ಕಡ್ಲೆಕಾಯಿ ಬೀಜದಲ್ಲಿ 9,000 ಕ್ಯಾಲೊರಿ ಹತ್ತಿರ ಇದೆ. ಭಾರ ಹೊತ್ತು ನಡೆಯುವ ಒಬ್ಬರಿಗೆ ಅದು ಮೂರು ದಿನದ ಶಕ್ತಿ. ಬೆಲ್ಲ ಸೇರಿಸಿ ಕಡ್ಲೆಮಿಠಾಯಿ ಮಾಡಿದರೆ ತಿನ್ನಲೂ ಸುಲಭ, ಬೇಯಿಸುವ ಕೆಲಸ ಇಲ್ಲ. ಅದೇ ಕೋವಿಯಿಂದ ಒಂದು ಮೊಲ ಹೊಡೆದರೆ ಅದರ ಮಾಂಸ ಒಂದು ದಿನಕ್ಕೂ ಸಾಲುವುದಿಲ್ಲ. ಮೊಲದಲ್ಲಿ ಕೊಬ್ಬು ಬಹಳ ಕಡಿಮೆ. ಬರೀ ಮೊಲದ ಮಾಂಸ ತಿಂದು ದಿನ ದೂಡಿದವರು ಹೊಟ್ಟೆ ತುಂಬಿದ್ದರೂ ಸೊರಗಿ ಬೀಳುತ್ತಾರೆ ಅನ್ನುವುದು ಉತ್ತರದ ಹಿಮನಾಡಿನ ಬೇಟೆಗಾರರಿಗೆ ಹಳೆಯ ಪಾಠ. ಅದಕ್ಕಿಂತ ಮೊದಲು, ಕಾಡಲ್ಲಿ ದಾರಿ ತಪ್ಪಿದವರನ್ನು ಹಸಿವು ಕೊಲ್ಲಲು ವಾರಗಟ್ಟಲೆ ಬೇಕು. ಚಳಿಗೆ ಒದ್ದೆ ಬಟ್ಟೆಯಲ್ಲಿ ಒಂದು ರಾತ್ರಿ ಸಾಕು. ನೀರಿಲ್ಲದೆ ಮೂರು ದಿನ.

ಹಾಗಾದರೆ ಕರಡಿಗೆ ಏನು ಮಾಡಲಿ ಅಂದ ಅಳಿಯ. ನಾನು ಹೇಳಿದ್ದು ಮೆಣಸಿನಕಾಯಿ ಘಾಟು. ತಮಾಷೆ ಅಲ್ಲ. ಅಡುಗೆಮನೆಯಲ್ಲಿ ಒಗ್ಗರಣೆಗೆ ಒಣಮೆಣಸಿನಕಾಯಿ ಸೀದುಹೋದರೆ ಹಜಾರದಲ್ಲಿ ಕೂತವರೂ ಕೆಮ್ಮುತ್ತಾ ಹೊರಗೆ ಓಡುತ್ತಾರಲ್ಲ, ಅದೇ ಖಾರದ ಸತ್ವವನ್ನು ಡಬ್ಬಿಯಲ್ಲಿ ತುಂಬಿದರೆ ಕರಡಿ ಸ್ಪ್ರೇ. ಒಂಬತ್ತು ಮೀಟರ್ ತನಕ ಮೋಡದ ಹಾಗೆ ಹರಡುತ್ತದೆ. ಗುರಿ ನಿಖರ ಇರಬೇಕಾಗಿಲ್ಲ. ಅಲಾಸ್ಕಾದಲ್ಲಿ ಸ್ಪ್ರೇ ಬಳಸಿದ ಪ್ರಸಂಗಗಳನ್ನು ಕಲೆಹಾಕಿ 2008ರಲ್ಲಿ ಒಂದು ಅಧ್ಯಯನ ಬಂತು. ಕಂದು ಕರಡಿಗಳ ಮೇಲೆ ಅದು ನೂರಕ್ಕೆ 92 ಸಲ ಕೆಲಸ ಮಾಡಿತ್ತು. 2012ರಲ್ಲಿ ಕೋವಿಯ ಬಗ್ಗೆಯೂ ಅಂಥದೇ ಅಧ್ಯಯನ ಬಂತು. ಕರಡಿ ಮೇಲೆ ಬಂದಾಗ ಕೋವಿ ಹಾರಿಸಿದವರಿಗೂ, ಜೊತೆಯಲ್ಲಿದ್ದೂ ಹಾರಿಸದವರಿಗೂ ಗಾಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಡಬ್ಬಿ ಅರ್ಧ ಕೆ.ಜಿ.ಯೂ ಇಲ್ಲ, ಸೊಂಟದ ಪಟ್ಟಿಯಲ್ಲೇ ಇರುತ್ತದೆ. ಒಂದೇ ಎಚ್ಚರಿಕೆ, ವಿಮಾನದಲ್ಲಿ ಅದನ್ನು ಕೈಚೀಲದಲ್ಲೂ ಒಯ್ಯುವ ಹಾಗಿಲ್ಲ, ಲಗೇಜಿನಲ್ಲೂ ಹಾಕುವ ಹಾಗಿಲ್ಲ. ಅಲ್ಲಿಗೆ ಹೋಗಿಯೇ ಕೊಳ್ಳಬೇಕು.

ಅಮೆರಿಕದಲ್ಲಿರುವ ನಮ್ಮ ಮಕ್ಕಳು ಇನ್ನೊಂದು ವಿಷಯ ತಿಳಿದಿರಲೇಬೇಕು. ಎಚ್1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳುವುದು ಅಲ್ಲಿನ ಕೇಂದ್ರ ಕಾನೂನಿನಲ್ಲಿ ಅಪರಾಧ. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಸ್ನೇಹಿತನದು, ನಾನು ಸುಮ್ನೆ ಹೊತ್ತುಕೊಂಡೆ ಅಂದರೂ ಬಿಡುವುದಿಲ್ಲ. ಒಂದು ವಾರದ ನಡಿಗೆಗೆ ವೀಸಾನೇ ಕಳೆದುಕೊಳ್ಳುವ ಹಾಗೆ ಆಗಬಾರದಲ್ವಾ?

ಇನ್ನು ನಮ್ಮ ಕಡೆಗೆ ಬರೋಣ. ಮೈಸೂರಿನ ಒಬ್ಬ ಹುಡುಗ ಕೇಳಿದ, ಎಚ್.ಡಿ. ಕೋಟೆ ಕಡೆಯ ಕಾಡಿಗೆ ಹೋಗುವಾಗ ರಕ್ಷಣೆಗೆ ಸಣ್ಣದೊಂದು ಗನ್ ಇಟ್ಟುಕೊಳ್ಳಬಹುದಾ ಅಂತ. ಇಲ್ಲ. ಯಾವ ಗನ್ ಅಂತ ಯೋಚಿಸುವ ಮೊದಲೇ ಇಲ್ಲ. ನಾಗರಹೊಳೆ, ಬಂಡೀಪುರ, ಕಾವೇರಿ, ಮೇಲುಕೋಟೆ ಯಾವುದೇ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಆಗಲಿ, ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಒಳಗೆ ಹೋಗುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಅದು. ಲೈಸೆನ್ಸ್ ಇದ್ದರೂ ಅಷ್ಟೇ. ಆ ಕಾಯ್ದೆಯಲ್ಲಿ ಆಯುಧ ಅಂದರೆ ಕೋವಿ ಮಾತ್ರ ಅಲ್ಲ. ಬಿಲ್ಲು, ಬಾಣ, ಬಲೆ, ಉರುಳು, ಚಾಕು ಕೂಡ ಅದರಲ್ಲಿ ಬರುತ್ತದೆ. ಹಾಗಾಗಿ ಲೈಸೆನ್ಸ್ ಬೇಡದ ಏರ್‌ಗನ್ ಒಯ್ಯುತ್ತೇನೆ ಅನ್ನುವ ಉಪಾಯವೂ ನಡೆಯುವುದಿಲ್ಲ.

ಲೈಸೆನ್ಸ್ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅಭಯಾರಣ್ಯದ ಸುತ್ತ 10 ಕಿ.ಮೀ. ಒಳಗೆ ಇರುವವರು ಕೋವಿ ಇದ್ದರೆ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಹೊಸ ಲೈಸೆನ್ಸ್ ಬೇಕಾದರೆ ವಾರ್ಡನ್ ಒಪ್ಪಿಗೆಯೂ ಬೇಕು. ನಮ್ಮೂರು ಮೇಲುಕೋಟೆಯ ತೋಳದ ಅಭಯಾರಣ್ಯದಿಂದ ಅಷ್ಟು ದೂರ ಇಲ್ಲ, ಆದ್ದರಿಂದ ಈ ಓಡಾಟ ನನಗೆ ಗೊತ್ತು. ಬೆಳೆ ರಕ್ಷಣೆಯ ಲೈಸೆನ್ಸ್ ಬೆಳೆಗೆ. ಬೆನ್ನಿಗೆ ಹಾಕಿಕೊಂಡು ಕುಂತಿಬೆಟ್ಟ ಹತ್ತಲು ಅಲ್ಲ. "ಕೊಡಗಿನವರು ಇಟ್ಕೊಂಡಿಲ್ವಾ?" ಅಂತ ಹುಣಸೂರು, ಪಿರಿಯಾಪಟ್ಟಣದ ಕಡೆ ಕೇಳುತ್ತಾರೆ. ಕೊಡವರಿಗೆ ಮತ್ತು ಜಮ್ಮಾ (ಅಲ್ಲಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇರುವುದು ನಿಜ. 2019ರಲ್ಲಿ ಅದನ್ನು ಮುಂದುವರಿಸಿ 2029ರ ತನಕ ಕೊಟ್ಟಿದ್ದಾರೆ. ಆದರೆ ಅದು ಶಸ್ತ್ರ ಕಾಯ್ದೆಯ ವಿನಾಯಿತಿ. ಕಾಡಿನ ಕಾಯ್ದೆ ಅವರಿಗೂ ಒಂದೇ.

ಜೀವ ಉಳಿಸಿಕೊಳ್ಳಲು ಪ್ರಾಣಿಯನ್ನು ಕೊಂದರೆ ಅಪರಾಧ ಅಲ್ಲ ಅಂತ 11ನೇ ಸೆಕ್ಷನ್ ಹೇಳುತ್ತದೆ. ಇದನ್ನು ಅರ್ಧ ಓದಿ ಧೈರ್ಯ ಮಾಡುವವರಿದ್ದಾರೆ. ಉಳಿದರ್ಧ ಏನೆಂದರೆ, ಆ ಹೊತ್ತಿಗೆ ನೀವೇ ಕಾಯ್ದೆ ಮುರಿದು ನಿಂತಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಅನುಮತಿ ಇಲ್ಲದೆ ಕೋವಿ ಹಿಡಿದು ಒಳಗೆ ಹೋದವರು ಅಲ್ಲೇ ಕಾಯ್ದೆ ಮುರಿದಿರುತ್ತಾರೆ.

ಕಾನೂನು ಬದಿಗಿಟ್ಟು ಯೋಚಿಸಿದರೂ, ನಮ್ಮ ಕಾಡಿನಲ್ಲಿ ನಡೆಯುವವರಿಗೆ ಯಾವುದು ಅಪಾಯ? ಮೊದಲು ಆನೆ. ನಾಲ್ಕು ಟನ್ನಿನ ಗಂಡಾನೆಗೆ ಚೀಲದಲ್ಲಿ ಹಿಡಿಯುವ ಯಾವ ಕೋವಿಯೂ ಲೆಕ್ಕಕ್ಕಿಲ್ಲ. ಕಾನ್ಪುರದ ಕಾರ್ಖಾನೆಯಿಂದ 2014ರಲ್ಲಿ ಬಂದ ನಿರ್ಭೀಕ್ ರಿವಾಲ್ವರ್ ಅರ್ಧ ಕೆ.ಜಿ. ಅಷ್ಟೇ ಅಂತ ಆಸೆಯಿಂದ ಕೇಳುವವರಿದ್ದಾರೆ. ಅದು ಕಾಡುಹಂದಿಗೂ ಸಾಲದು. ಆನೆ ವಿಷಯದಲ್ಲಿ ಕೆಲಸಕ್ಕೆ ಬರುವುದು ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನುವ ಗಮನ, ಬಿಸಿ ಆರದ ಲದ್ದಿ, ಬಿದಿರು ಮುರಿಯುವ ಸದ್ದು, ಮತ್ತು ಕಂಡ ತಕ್ಷಣ ಬಂದ ದಾರಿಯಲ್ಲೇ ಹಿಂದಿರುಗುವ ಬುದ್ಧಿ. ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಚಿರತೆ ಇದೆ. ಅದು ಹಿಂದಿನಿಂದ ಬರುತ್ತದೆ, ಕೋವಿ ಎತ್ತಲು ಹೊತ್ತು ಕೊಡುವುದಿಲ್ಲ. ಸಂಜೆ ಹೊತ್ತು ಒಬ್ಬರೇ ಹೋಗದಿರುವುದು, ಟಾರ್ಚ್ ಹಚ್ಚಿ ಮಾತಾಡುತ್ತಾ ನಡೆಯುವುದು ಕಾಯುತ್ತದೆ. ಇನ್ನು ಹಾವು. ಕೊಳಕುಮಂಡಲ ಒಣ ಎಲೆಯ ಬಣ್ಣದಲ್ಲಿ ದಾರಿ ಮೇಲೇ ಮಲಗಿರುತ್ತದೆ. ಅದಕ್ಕೆ ಬೇಕಾದದ್ದು ಕಣಕಾಲು ಮುಚ್ಚುವ ಬೂಟು. ಕಚ್ಚಿದರೆ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಆ ಕಾಲು ಅಲುಗದ ಹಾಗೆ ನೋಡಿಕೊಂಡು ಆದಷ್ಟು ಬೇಗ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಅರಣ್ಯ ಇಲಾಖೆ ಬಿಟ್ಟಿರುವ ದಾರಿಯಲ್ಲಿ, ಬುಕ್ ಮಾಡಿಕೊಂಡು, ಗೈಡ್ ಜೊತೆ ಹೋಗು. ಕೋವಿಗೆ ಅಂತ ಇಟ್ಟಿದ್ದ ಒಂದೂವರೆ ಕೆ.ಜಿ. ಜಾಗದಲ್ಲಿ ಒಂದು ಲೀಟರ್ ನೀರು ಜಾಸ್ತಿ ಇಡು. ಉಳಿದ ಅರ್ಧ ಕೆ.ಜಿ.ಯಲ್ಲಿ ತಲೆಗೆ ಕಟ್ಟುವ ಟಾರ್ಚ್, ಒಂದು ಸೀಟಿ, ಲೈಟರ್, ತೆಳು ಪ್ಲಾಸ್ಟಿಕ್ ಹಾಳೆ, ಸಣ್ಣ ಪವರ್ ಬ್ಯಾಂಕ್ ಬರುತ್ತದೆ. ದಾರಿ ತಪ್ಪಿದರೆ ನಡೆಯಬೇಡ, ನಿಂತಲ್ಲೇ ಸೀಟಿ ಮೂರು ಮೂರು ಸಲ ಊದು. ಸಿಗ್ನಲ್ ಸಿಕ್ಕರೆ 112, ಅರಣ್ಯ ಇಲಾಖೆಗೆ 1926.

ಅಳಿಯ ಹೋಗಿಬಂದ. ನಾಲ್ಕು ಜನಕ್ಕೆ ನಾಲ್ಕು ಸ್ಪ್ರೇ ಡಬ್ಬಿ ಕೊಂಡಿದ್ದರಂತೆ, ಒಂದನ್ನೂ ಒತ್ತುವ ಪ್ರಸಂಗ ಬರಲಿಲ್ಲ. ಐದನೇ ದಿನ ನದಿಯ ಆಚೆ ದಡದಲ್ಲಿ ತಾಯಿ ಕರಡಿ, ಎರಡು ಮರಿ. ಜೋರಾಗಿ ಮಾತಾಡುತ್ತಾ ಹಿಂದೆ ಹಿಂದೆ ಸರಿದೆವು ಮಾವ, ಅವು ತಲೆ ಎತ್ತಿ ನೋಡಿ ಪೊದೆಯೊಳಗೆ ಹೋದವು ಅಂದ. ಆಮೇಲೆ ಕೇಳಿದ, ಈ ಸಲ ಅಮ್ಮನ ಕೈಯಲ್ಲಿ ಎರಡು ಕೆ.ಜಿ. ಕಡ್ಲೆಮಿಠಾಯಿ ಕಳಿಸ್ತೀರಾ, ಎಂಟನೇ ದಿನಕ್ಕೆ ನಮ್ಮದು ಮುಗಿದೇ ಹೋಗಿತ್ತು ಅಂತ. ಹೊಸ ಬೆಲ್ಲ ಇಳಿಸಿದ ದಿನವೇ ಮಾಡಿಸಿಟ್ಟಿದ್ದೇನೆ.